ಬೇಲಿಯೊಳಗಿನ ಅಡಕತ್ತರಿ

ಮೊದಲು ಶಬ್ದ. ಚಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಚಕ್.

ಒಣ ಅಡಿಕೆಯನ್ನು ಅಡಕತ್ತರಿಯ ಬಾಯಿಗಿಟ್ಟು ಒತ್ತಿದರೆ ಬರುತ್ತದಲ್ಲ, ಅದೇ. ಅಡಿಕೆ ಹೋಳಾಗುವ ಶಬ್ದವಲ್ಲ. ಹೋಳಾದ ಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಶಬ್ದ.

ಇದನ್ನು ನಾನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಕತೆ ನುಣುಪಾಗಿದೆ. ನುಣುಪಾದ ಕಡೆ ನನಗೆ ನಂಬಿಕೆಯಿಲ್ಲ. ಗಟ್ಟಿಯಾಗಿ ಗೊತ್ತಿರುವುದನ್ನು ಮೊದಲು ಬರೆದುಬಿಡುತ್ತೇನೆ. ಮಾವ ತೀರಿಕೊಂಡದ್ದು ನಯಾಪೈಸೆ ಬರುವುದಕ್ಕೆ ಹಿಂದಿನ ವರ್ಷ, ಗೌರಿ ಹಬ್ಬದ ಆಸುಪಾಸಿನಲ್ಲಿ. ನಾನು ಚಾಮರಾಜನಗರದಿಂದ ತೆರಕಣಾಂಬಿ ಹತ್ತಿರದ ಆ ಊರಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು. ಮನೆಯ ಹಿಂದೆ ಎಲೆ ತೋಟ. ತೋಟದ ಮೂಡಲ ಮೂಲೆಯಲ್ಲಿ, ಲಂಟಾನ ಬೇಲಿಯ ಪಕ್ಕ, ಮಾವನನ್ನು ಮಣ್ಣು ಮಾಡಿದ ಜಾಗ.

ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು, ವಿಭೂತಿ ಹಾಕಿ, ಮಣ್ಣು ಮುಚ್ಚುತ್ತೇವೆ. ಮಗುವಾಗಿದ್ದಾಗ ಕಟ್ಟಿದ ಲಿಂಗ ಅದು. ಬದುಕಿರುವವರೆಗೆ ಮೈಮೇಲೆ, ಆಮೇಲೆ ಅಂಗೈಯಲ್ಲಿ. ಹೋದವರನ್ನು ಸತ್ತರು ಅನ್ನುವುದಿಲ್ಲ, ಲಿಂಗೈಕ್ಯರಾದರು ಅನ್ನುತ್ತೇವೆ. ಐಕ್ಯವಾದ ಮೇಲೆ ಹಿಂದೆ ಉಳಿಯಲು ಏನೂ ಇರುವುದಿಲ್ಲ. ಆದ್ದರಿಂದ ನಮ್ಮಂಥವರ ಮನೆಯಲ್ಲಿ ದೆವ್ವದ ಮಾತು ಬರುವಂತೆಯೇ ಇರಲಿಲ್ಲ.

ಬಂತು.

ಎಲೆ ತೋಟದ ಒಳಗೆ ಹೋದವರಿಗೆ ಗೊತ್ತು, ಅಲ್ಲಿನ ಬೆಳಕು ಹೊರಗಿನ ಬೆಳಕಲ್ಲ. ಅಗಸೆ ಮರಗಳು ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳ ಮೈತುಂಬ ವೀಳ್ಯದ ಬಳ್ಳಿ. ನಡುಮಧ್ಯಾಹ್ನವೂ ಹಸಿರು ಮಬ್ಬು, ಕಾಲಡಿ ತಣ್ಣಗೆ ಒದ್ದೆ. ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವಂತಿಲ್ಲ. ಹೆಂಗಸರು ತಿಂಗಳ ಆ ದಿನಗಳಲ್ಲಿ ಹೋಗುವಂತಿಲ್ಲ, ಹೋದರೆ ಬಳ್ಳಿ ಬಾಡುತ್ತದಂತೆ. ಲಿಂಗ ಕಟ್ಟಿದವರಿಗೆ ಯಾವ ಸೂತಕವೂ ಇಲ್ಲ ಎಂದು ನನ್ನ ತವರಿನಲ್ಲಿ ಹೇಳಿಕೊಟ್ಟಿದ್ದರು. ಬಳ್ಳಿಗೆ ಯಾರೂ ಲಿಂಗ ಕಟ್ಟಿಲ್ಲವಲ್ಲ ಎಂದು ಅತ್ತೆ ಇಲ್ಲಿ ನಕ್ಕಿದ್ದರು. ಹಾಗಾಗಿ ತಿಂಗಳಿಗೆ ಮೂರು ದಿನ ನಾನು ಬೇಲಿಯ ಹೊರಗೆ ಕಲ್ಲಿನ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದೆ. ತೋಟ ನನಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಬಾವಿಯಿಂದ ನೀರೆತ್ತುವ ಕಪಿಲೆಯ ಗಾಲಿ ಕಿರುಗುಟ್ಟುವುದು, ಕಾಲುವೆಯಲ್ಲಿ ನೀರು ಬರುವುದು, ಎಲೆ ಕೊಯ್ಯುವವರ ಉಗುರಿನ ಚಿಟಿಚಿಟಿ. ಮತ್ತು ಮಾವನ ಅಡಕತ್ತರಿ. ನೀರು ಹಾಯುವಷ್ಟು ಹೊತ್ತೂ ಅವರು ಮೂಡಲ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ತಿನ್ನುವುದಕ್ಕಿಂತ ಕತ್ತರಿಸುವುದೇ ಹೆಚ್ಚು. ಆ ಅಡಕತ್ತರಿ ಈಗ ಅತ್ತೆಯ ಕೋಣೆಯ ಗೂಟದಲ್ಲಿ, ಬಟ್ಟೆಯಲ್ಲಿ ಸುತ್ತಿ, ನೇತಾಡುತ್ತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಮಾವ ಹೋಗಿ ತಿಂಗಳು ಆಗಿತ್ತೋ ಇಲ್ಲವೋ, ಆ ಕಲ್ಲಿನ ಮೇಲೆ ಕೂತಿದ್ದಾಗ ಕೇಳಿದೆ. ಚಕ್.

ನಾನೇ ಮೊದಲು ಕೇಳಿದೆ ಎಂದು ಬರೆಯಲು ಕೈ ಓಡುತ್ತಿದೆ. ಸುಳ್ಳಿರಬಹುದು. ನಾನು ಅಡುಗೆಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ಕೂತು, ಮುದ್ದೆಯ ಕೋಲು ಕೈಯಲ್ಲಿ ಹಿಡಿದು, ತಿರುವದೆ, ತೋಟದ ಕಡೆ ಕಿವಿ ಕೊಟ್ಟಿದ್ದರು. ಪಾತ್ರೆಯ ತಳ ಸೀಯುತ್ತಿತ್ತು.

"ಮುದ್ದೆ ಸೀತಾ ಅದೆ ಅತ್ತೆ" ಅಂದೆ.

"ಸೀದೋಗ್ಲಿ ಬುಡು" ಅಂದರು.

ಮಾರನೆಯ ದಿನ ಸಂಜೆ ಬೇಲಿಯ ಬುಡದಲ್ಲಿ ಎರಡು ಚಿಗುರೆಲೆ, ಒಂದು ಅಡಿಕೆ, ಸುಣ್ಣದ ಒಂದು ಬೊಟ್ಟು ಕಂಡೆ. ಅದರ ಮಾರನೆಯ ದಿನವೂ ಕಂಡೆ.

ಊರಿಗೆ ಗೊತ್ತಾಗಲು ಯಾರೂ ಹೇಳಬೇಕಾಗಿರಲಿಲ್ಲ. ವಾರಕ್ಕೊಮ್ಮೆ ಎಲೆ ಕೊಯ್ಯಲು ಬರುವವರು ಮೂಡಲ ಮೂಲೆಗೆ ಹೋಗುವುದನ್ನು ಬಿಟ್ಟರು. ಅಲ್ಲಿನ ಎಲೆ ಬಲಿತು ಅಂಗೈಗಿಂತ ದೊಡ್ಡದಾಗಿ ದಪ್ಪಗಾಯಿತು. ಗುಂಡ್ಲುಪೇಟೆಯಲ್ಲಿ ಲಾರಿಗೆ ಎಲೆ ಹಾಕಿಸಲು ಹೋಗುತ್ತಿದ್ದ ನನ್ನ ಗಂಡ ಇದನ್ನು ನೋಡಿಯೂ ಬಯ್ಯಲಿಲ್ಲ. ಅವರೂ ಈಗ ಬಾವಿಗೆ ಸುತ್ತು ಬಳಸಿ ಹೋಗುತ್ತಿದ್ದರು. ಯಾಕೆ ಎಂದು ಕೇಳಿದರೆ ಆ ಕಡೆ ಕೆಸರು ಅನ್ನುತ್ತಿದ್ದರು.

ಎಲೆ ಕೊಯ್ಯುವ ಇಬ್ಬರು ಒಬ್ಬರನ್ನೊಬ್ಬರು ಕೆಣಕುವುದು ನನಗೆ ಬೇಲಿಯಾಚೆಯಿಂದ ಕೇಳಿತು.

"ಲೇ, ಯಜಮಾನ್ರು ಅಡ್ಕೆ ಕತ್ರುಸ್ತಾ ಕುಂತವ್ರೆ. ಎಲೆ ಅಲ್ಲೇ ಅದೆ. ಸುಣ್ಣ ಒಂದ್ ಕೊಟ್ಬುಟ್ ಬಾ ಓಗ್ಲಾ."

"ನೀನೇ ಓಗ್ಲಾ. ಬದುಕಿದ್ದಾಗ ಅವ್ರ ಚೀಲುಕ್ಕೆ ಕೈ ಆಕ್ತಿದ್ದೋನು ನೀನೇಯ. ಅದ್ಕೇ ಕರೀತಾವ್ರೆ."

ಇಬ್ಬರೂ ನಕ್ಕರು. ಚಕ್ ಎಂದಿತು. ನಗು ನಿಂತಿತು.

ಅವರಲ್ಲಿ ಮೂರನೆಯವನು ಮುದುಕ. ಅವನು ಮಾತ್ರ ಹೆದರುತ್ತಿರಲಿಲ್ಲ. ಎಲೆ ಕಟ್ಟಿ ಕೊಡಲು ಮನೆಗೆ ಬಂದಾಗ ಅವನನ್ನು ಕೇಳಿದೆ.

"ಪಕ್ಸಿ ಕಣ್ ಸಣ್ಣವ್ವ ಅದು" ಅಂದ.

"ಯಾವ ಪಕ್ಷಿ? ಹೆಸರೇನು?"

"ಯೆಸ್ರು ಯಾಕವ್ವ ಅದ್ಕೆ? ತಿನ್ನಕಾಗಲ್ಲ, ಸಾಕಕಾಗಲ್ಲ, ಕಣ್ಗಂತೂ ಬೀಳಾಕಿಲ್ಲ."

"ನೋಡಿಲ್ಲದೆ ಹೇಗೆ ಗೊತ್ತು?"

"ಯಜಮಾನ್ರು ಇದ್ದಾಗ್ಲೂ ಕೇಳಿವ್ನಲ್ಲ ಅದೇ ಸದ್ದ" ಅಂದ. ಎಲೆಯ ಕಟ್ಟನ್ನು ಒಮ್ಮೆ ಕೊಡವಿದ. "ಇಲ್ಲಾ, ಆವಾಗ ಅವ್ರೇ ಕತ್ರುಸ್ತಿದ್ರೋ ಏನೋ" ಎಂದು ಹೊರಟುಹೋದ.

ಆ ಮಾತು ನನ್ನನ್ನು ಬಿಡಲಿಲ್ಲ. ಮಾವ ಬದುಕಿದ್ದ ಎರಡು ಚಳಿಗಾಲ ನಾನು ಆ ಕಲ್ಲಿನ ಮೇಲೆ ಕೂತು ಕೇಳಿದ್ದರಲ್ಲಿ ಎಷ್ಟು ಅಡಕತ್ತರಿ, ಎಷ್ಟು ಹಕ್ಕಿ? ಅವರು ಇದ್ದಾಗ ಬೇರ್ಪಡಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ದೀಪಾವಳಿ ಆದ ಮೇಲೆ ಒಂದು ಬೆಳಿಗ್ಗೆ, ಪೂಜೆ ಮುಗಿಸಿ, ಅತ್ತೆ ನನ್ನನ್ನು ಕರೆದರು. ಎಡ ಅಂಗೈಯಲ್ಲಿ ಲಿಂಗವಿತ್ತು. ಅದನ್ನು ನನ್ನ ಮುಖದ ಹತ್ತಿರ ಹಿಡಿದರು.

"ಇದು ನಂದಾ ಅವರ್ದಾ, ಹೇಳಮ್ಮಿ."

ನನಗೆ ಅರ್ಥವಾಗಲಿಲ್ಲ. ಅವರು ಹೇಳಿದರು. ಮಾವನಿಗೆ ಕೊನೆಯ ದಿನಗಳಲ್ಲಿ ಕೈ ನಡುಗುತ್ತಿದ್ದುದರಿಂದ ಅವರ ಲಿಂಗಕ್ಕೂ ಅತ್ತೆಯೇ ಅಭಿಷೇಕ ಮಾಡುತ್ತಿದ್ದರು. ಮಾವ ಹೋದ ಬೆಳಿಗ್ಗೆಯೂ ಎರಡನ್ನೂ ತೊಳೆದು ಮಣೆಯ ಮೇಲೆ ಇಟ್ಟಿದ್ದರು. ಹೊರಗಿನಿಂದ ಕೂಗು ಬಂತು. ಎದ್ದು ಓಡಿದರು. ಆಮೇಲೆ ಮನೆ ತುಂಬ ಜನ. ಅಯ್ಯನವರು ಲಿಂಗ ತನ್ನಿ ಅಂದರು. ಅತ್ತೆ ಒಳಗೆ ಬಂದು ಮಣೆಯ ಮೇಲಿಂದ ಒಂದನ್ನು ತೆಗೆದು ಕೊಟ್ಟರು.

"ಎಡಗಡೆದು ಅವರ್ದು ಅಂತ ಕೊಟ್ಟೆ. ಪೂಜೆಗೆ ಕೂತಾಗ ನಾನು ಗೋಡೆ ಕಡೆ ಮುಕ ಮಾಡಿದ್ದೆ. ತಕ್ಕೊಡೋವಾಗ ಬಾಗ್ಲಿಂದ ಬಂದೆ. ಎಡ ಯಾವ್ದು ಬಲ ಯಾವ್ದು?"

ಎರಡೂ ಕಪ್ಪಗೆ, ಒಂದೇ ಗಾತ್ರ. ಲಿಂಗದ ಮೇಲಿನ ಕಪ್ಪು ಲೇಪಕ್ಕೆ ಕಂತಿ ಅನ್ನುತ್ತಾರೆ. ಸವೆದರೆ ಹೊಸದಾಗಿ ಕಟ್ಟಿಸಬೇಕು. ಗಂಡ ಹೆಂಡತಿ ಇಬ್ಬರೂ ಒಂದೇ ವರ್ಷ, ಒಬ್ಬನ ಕೈಲೇ ಕಟ್ಟಿಸಿದ್ದರಂತೆ.

"ಸೋಮಾರ ಅನ್ದೆ ಮಂಗ್ಳಾರ ಅನ್ದೆ ದಿನಾ ಕೂತು ಕತ್ರುಸ್ತಾವ್ರೆ. ತಮ್ದು ಕೇಳ್ತಾವ್ರೆ ಕಣಮ್ಮಿ. ನಂದ ಕೈಲಿಟ್ಕಂದು ಅವರು ಹೆಂಗೆ ಸೇರ್ಕತ್ತಾರೆ ಸಿವನ್ನ?"

ಯಾರಿಗೂ ಹೇಳಬೇಡ ಅಂದರು. ಮಗನಿಗಂತೂ ಹೇಳಲೇಬೇಡ. ಆದರೆ ತೀರ್ಮಾನವಾಗಬೇಕಾಗಿತ್ತು, ಅದಕ್ಕೊಂದು ಗಡುವೂ ಇತ್ತು. ಯುಗಾದಿ ಕಳೆದ ಮೇಲೆ ಮಣ್ಣಿನ ಮೇಲೆ ಕಲ್ಲಿನ ಗದ್ದುಗೆ ಕಟ್ಟಿಸುವುದು ಎಂದು ನನ್ನ ಗಂಡ ಕಲ್ಲುಕುಟಿಗರಿಗೆ ಹೇಳಿಬಿಟ್ಟಿದ್ದರು. ಕಲ್ಲು ಕೂತರೆ ಮುಗಿಯಿತು. ಅದಕ್ಕೆ ಮುಂಚೆ ಮಣ್ಣು ತೆಗೆಸಿ, ಲಿಂಗ ಬದಲಿಸಬೇಕು. ತೆಗೆಸಿದರೆ ಅಯ್ಯನವರು ಬರಬೇಕು, ಊರು ಸೇರುತ್ತದೆ, ಹೆಂಡತಿ ಗಂಡನ ಲಿಂಗ ಅದಲುಬದಲು ಮಾಡಿದಳು ಎಂಬ ಮಾತು ಮೊಮ್ಮಕ್ಕಳವರೆಗೆ ಉಳಿಯುತ್ತದೆ. ತೆಗೆಸದಿದ್ದರೆ, ಅವರೇ ಕೂತು ಕೇಳುತ್ತಿರುವುದು ನಿಜವಾದರೆ?

"ಬೇಲಿಲಿರೋದು ಹಕ್ಕಿಯೇ ಆದ್ರೆ ನಂಗೇನೂ ಬ್ಯಾಡ. ಕಲ್ಲು ಕೂರ್ಸ್ಲಿ" ಅಂದರು. "ನೀನು ಓದ್ದೋಳು. ನೋಡಿ ಹೇಳು."

ನಾನು ಓದಿದ್ದು ಎಂಟನೇ ಕ್ಲಾಸು.

ನೋಡಿದೆ, ಅಂದರೆ ನೋಡಲು ಹೋದೆ. ದಿನಗಟ್ಟಲೆ. ಲಂಟಾನ ಬೇಲಿಗೆ ಒಂದು ಮಾರು ದೂರದಲ್ಲಿ ನಿಂತರೆ ಶಬ್ದ ಎದೆಯ ಮಟ್ಟದಲ್ಲಿ ಬರುತ್ತಿತ್ತು. ಒಂದು ಎಲೆ ಅಲುಗುತ್ತಿತ್ತು. ಅಲುಗಿದ ಎಲೆಯನ್ನು ನಾನು ನೋಡುವಷ್ಟರಲ್ಲಿ ಶಬ್ದ ಎರಡು ಗಜ ಆಚೆ. ಕಲ್ಲು ಎಸೆದೆ. ಏನೂ ಹಾರಲಿಲ್ಲ. ಸುಮ್ಮನಾಯಿತು, ನಾನು ಬೆನ್ನು ತಿರುಗಿಸಿದ ಮೇಲೆ ಮತ್ತೆ ಚಕ್. ಒಮ್ಮೆ ರೆಂಬೆ ಸರಿಸಿ ಒಳಗೆ ತಲೆ ಹಾಕಿದೆ. ಒಳಗೆ ಒಣ ಕಡ್ಡಿ, ಹಳೆಯ ಎಲೆ, ಅತ್ತೆ ಇಟ್ಟ ಅಡಿಕೆಗಳು. ಅಡಿಕೆ ಯಾರೂ ತಿಂದಿರಲಿಲ್ಲ. ವೀಳ್ಯದೆಲೆ ಮಾತ್ರ ಇರಲಿಲ್ಲ. ಆಡು ತಿಂದಿರಬೇಕು ಅಂದುಕೊಂಡೆ. ಬೇಲಿಯ ಆ ಕಡೆ ಆಡು ಬರುವ ದಾರಿ ಇರಲಿಲ್ಲ ಎಂಬುದು ಈಗ ಬರೆಯುವಾಗ ಹೊಳೆಯುತ್ತಿದೆ. ಆಗಲೇ ಹೊಳೆದಿತ್ತೋ ಏನೋ.

ಸಂಕ್ರಾಂತಿಗೆ ತವರಿಗೆ ಹೋದೆ. ಚಾಮರಾಜನಗರದಲ್ಲಿ ನಮ್ಮ ಮನೆಯ ಎದುರಿಗೆ ರಿಟೈರಾದ ರೇಂಜರ್ ಒಬ್ಬರಿದ್ದರು. ಕಾಡಿನಲ್ಲಿ ಮೂವತ್ತು ವರ್ಷ ಕಳೆದವರು, ಹಕ್ಕಿಗಳ ವಿಷಯ ಅವರಿಗೆ ಗೊತ್ತಿಲ್ಲದ್ದಿಲ್ಲ ಎಂದು ಬೀದಿಯವರು ಹೇಳುತ್ತಿದ್ದರು. ಅವರ ಹತ್ತಿರ ಹೋಗಿ ಶಬ್ದ ಮಾಡಿ ತೋರಿಸಿದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ನನ್ನ ಕಿವಿ ಹೋಗಿ ನಾಲ್ಕು ವರ್ಷ ಆಯ್ತಮ್ಮ" ಅಂದರು. "ನಿಮ್ಮಮ್ಮ ಹೇಳಲಿಲ್ವೇ?"

ಎದ್ದು ಬರುವವಳಿದ್ದೆ. ಅವರು ಮೂಲೆಯಲ್ಲಿದ್ದ ಟ್ರಂಕನ್ನು ಎಳೆದು, ಅದರ ಮುಚ್ಚಳದ ಮೇಲೆ ತಮ್ಮ ಅಂಗೈ ಇಟ್ಟರು.

"ಈ ತುದಿಯಲ್ಲಿ ತಟ್ಟು. ಚೆನ್ನಾಗಿ ತಟ್ಟಬೇಡ. ಕೇಳಿದ ಹಾಗೆ ತಟ್ಟು."

ಉಗುರಿನಿಂದ ತಟ್ಟಿದೆ. ಚಕ್. ಬಿಡುವು. ಚಕ್. ಬಿಡುವು. ಚಕ್ ಚಕ್. ಅವರು ಕಣ್ಣು ಮುಚ್ಚಿಕೊಂಡಿದ್ದರು. ಎಷ್ಟು ಹೊತ್ತು ತಟ್ಟಿದೆನೋ, ಒಂದು ಹಂತದಲ್ಲಿ ತಟ್ಟುತ್ತಿರುವುದು ನಾನಲ್ಲ ಅನ್ನಿಸಿ ಬೆರಳು ಎತ್ತಿಬಿಟ್ಟೆ.

"ಎಷ್ಟು ಎತ್ತರದಲ್ಲಿ ಕೇಳುತ್ತೆ?"

ಎದೆ ಮುಟ್ಟಿ ತೋರಿಸಿದೆ.

"ಯಾವಾಗ ಶುರುವಾಯ್ತು?"

ಬೆರಳಲ್ಲಿ ತಿಂಗಳು ಎಣಿಸಿದೆ.

ಅವರು ಒಂದು ಇಂಗ್ಲಿಷ್ ಹೆಸರು ಹೇಳಿದರು. ಅಂಥ ಹಕ್ಕಿಗಳಿಗೆಲ್ಲ ವಾರ್ಬ್ಲರ್ ಅನ್ನುತ್ತಾರೆ ಅಂದರು. ಉಲಿಯಕ್ಕಿ ಎಂಬ ಕನ್ನಡದ ಹೆಸರು ನನಗೆ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ಹಿಮಾಲಯದ ಆಚೆಯಿಂದ ಚಳಿಗೆ ಬರುತ್ತದಂತೆ. ಹೆಬ್ಬೆರಳಿನಷ್ಟು, ಕಂದು ಬಣ್ಣ. "ಕಂದು ಅಂದರೆ ಏನೂ ಇಲ್ಲ ಅಂತಲೇ ಇಟ್ಟುಕೋ. ಮೂವತ್ತು ವರ್ಷ ಕಿವಿ ಪಕ್ಕದಲ್ಲೇ ಇತ್ತು. ಎರಡೋ ಮೂರೋ ಸಲ ನೋಡಿದೀನಿ." ಆದರೆ ಚಕ್ ಎಂಬುದೊಂದರಿಂದ ಖಾತ್ರಿಯಿಲ್ಲ, ಹಾಗೆ ಅನ್ನುವವು ಬೇರೆಯೂ ಇವೆ. ಚೈತ್ರದ ಹೊತ್ತಿಗೆ, ವಾಪಸು ಹೋಗುವ ಮುಂಚೆ, ಬೆಳಗಿನ ಜಾವ ಅದು ಹಾಡುತ್ತದೆ. ಸ್ವಂತದ ಹಾಡಲ್ಲ. ಬೇರೆ ಹಕ್ಕಿಗಳಿಂದ ಕದ್ದದ್ದು. ಕದ್ದದ್ದನ್ನು ಎರಡೆರಡು ಸಲ, ಮೂರುಮೂರು ಸಲ ಹೇಳುತ್ತದೆ, ಮಧ್ಯೆ ಮಧ್ಯೆ ಚಕ್ ಅನ್ನುತ್ತದೆ. ಹಾಗೆ ಹಾಡಿದರೆ ಅದೇ. ಹಾಡದಿದ್ದರೆ ತಮಗೆ ಗೊತ್ತಿಲ್ಲ ಅಂದರು.

ಬಾಗಿಲಿಗೆ ಬಂದಾಗ ಇನ್ನೊಂದು ಹೇಳಿದರು. ಕೇಳಬಾರದಿತ್ತು ಅದನ್ನು. "ಬಹಳ ಜಗಳಗಂಟ ಹಕ್ಕಿ. ಒಂದು ಬೇಲಿಗೆ ಒಂದೇ. ಇನ್ನೊಂದನ್ನು ಹತ್ತಿರ ಸೇರಿಸಲ್ಲ."

ಊರಿಗೆ ಬಂದು ಅತ್ತೆಗೆ ಹೇಳಿದೆ, ಚೈತ್ರದವರೆಗೆ ಕಾಯಬೇಕು ಎಂದು. ಅವರು ಕಾದರು. ಕಾಯುತ್ತ ಬೇಲಿಗೆ ಎಲೆ ಇಡುವುದನ್ನು ಬಿಡಲಿಲ್ಲ. ಅಲ್ಲಿ ಕೂರುವ ಹೊತ್ತೂ ಜಾಸ್ತಿಯಾಯಿತು. ಒಂದು ಸಂಜೆ ಹತ್ತಿರ ಹೋದಾಗ ಅವರು ಬೇಲಿಗೆ ಏನೋ ಹೇಳುತ್ತಿದ್ದರು. ಬಾವಿಯ ಹಗ್ಗ ಸವೆದದ್ದು, ಹಸು ಗಬ್ಬವಾದದ್ದು, ಅಂಥವೇ. ಚಕ್ ಎಂದರೆ ಹೂಂ ಅನ್ನುತ್ತಿದ್ದರು. ನನ್ನನ್ನು ನೋಡಿ ಎದ್ದು ಮನೆಯ ಕಡೆ ನಡೆದರು. ಶಿವರಾತ್ರಿ ಕಳೆಯಿತು, ಮಾಘ ಮುಗಿಯಿತು. ಗಾಡಿಯಲ್ಲಿ ನಾಲ್ಕು ಕಲ್ಲು ಚಪ್ಪಡಿ ಬಂದು ಬೇಲಿಯ ಪಕ್ಕ ಮಲಗಿದವು. ಬೇಲಿ ಹಾಡಲಿಲ್ಲ.

ಯುಗಾದಿಗೆ ಎರಡು ದಿನವೋ ಮೂರು ದಿನವೋ ಇತ್ತು. ಅತ್ತೆ ಇನ್ನೂ ಮಬ್ಬಿರುವಾಗ ನನ್ನ ಭುಜ ಅಲುಗಿಸಿದರು. "ಏಳಮ್ಮಿ. ಏನೋ ಸುರುವಾಗದೆ."

ಬರಿಗಾಲಲ್ಲಿ ತೋಟ ದಾಟಿ ಹೋದೆವು. ಅಗಸೆಯ ಕೆಳಗೆ ಕತ್ತಲೆಯಿತ್ತು, ಬೇಲಿಯ ಮೇಲೆ ಬೂದು ಬೆಳಕು. ಹಾಕಿದ ಚಪ್ಪಡಿಗಳ ಮೇಲೆ ಕೂತೆವು.

ಬೇಲಿ ಹಾಡುತ್ತಿತ್ತು.

ಪಿಕಳಾರದ ಮಾತು, ಎರಡು ಸಲ. ಚಕ್. ಸಿಂಪಿಗದ ಟುವೀ ಟುವೀ, ಮೂರು ಸಲ. ಚಕ್ ಚಕ್. ಗೊರವಂಕದ ಕೀರಲು, ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿಂದ. ಎಲ್ಲವೂ ಸಣ್ಣ ದನಿಯಲ್ಲಿ, ನಿಧಾನವಾಗಿ, ಯಾರೋ ನೆನಪು ಮಾಡಿಕೊಂಡು ಒಪ್ಪಿಸುತ್ತಿರುವ ಹಾಗೆ. ಆಮೇಲೆ ನಾನು ಎಂದೂ ಕೇಳದ ಒಂದು ಸಿಳ್ಳು. ನಮ್ಮ ಸೀಮೆಯ ಯಾವ ಹಕ್ಕಿಯದೂ ಅಲ್ಲ. ಮಲೆಗಳ ಆಚೆ, ಹಿಮದ ಆಚೆ, ಯಾವುದೋ ಊರಿನ ಬೆಳಗ್ಗೆ ಯಾವುದೋ ಹಕ್ಕಿ ಹೀಗೆ ಕೂಗಿರಬೇಕು. ಅದನ್ನೂ ಎರಡು ಸಲ ಹೇಳಿತು. ನನಗೆ ಚಳಿಯಾಯಿತು. ಆದರೆ ಖುಷಿಯೂ ಆಯಿತು. ರೇಂಜರ್ ಹೇಳಿದಂತೆಯೇ, ಒಂದಕ್ಷರ ತಪ್ಪದೆ. ಕಾಣದಿದ್ದರೇನು, ಇದು ಅದೇ.

ಅತ್ತೆಯ ಕಡೆ ತಿರುಗಿ ಹೇಳಬೇಕು ಅನ್ನುವಾಗ ಕೇಳಿತು.

ಆ ಸಿಳ್ಳು ಇನ್ನೂ ನಡೆಯುತ್ತಿತ್ತು, ನನ್ನ ಎಡಕ್ಕೆ, ಎದೆಯ ಮಟ್ಟದಲ್ಲಿ. ಅದರ ನಡುವೆಯೇ, ನನ್ನ ಬಲಕ್ಕೆ, ಮಣ್ಣಿನ ದಿಬ್ಬದ ಕಡೆಯಿಂದ, ನೆಲದ ಮಟ್ಟದಲ್ಲಿ: ಚಕ್.

ಒಂದು ಕೊರಳು ಒಂದೇ ಹೊತ್ತಿಗೆ ಎರಡು ಕಡೆ ಇರಲಾರದು.

ಎರಡು ಹಕ್ಕಿ ಇದ್ದಿರಬಹುದು. ಒಂದು ಬೇಲಿಗೆ ಒಂದೇ ಎಂದು ಅವರು ಹೇಳಿದ್ದರು, ಆದರೆ ಹೊರಡುವ ಕಾಲದಲ್ಲಿ ಜಗಳ ಮರೆಯುತ್ತವೋ ಏನೋ. ಚಪ್ಪಡಿಗೆ ತಾಗಿ ಶಬ್ದ ತಿರುಗಿ ಬಂದಿರಬಹುದು. ನಾನು ಈ ಚಕ್ ಅನ್ನು ಆಮೇಲೆ, ಹೇಳುತ್ತ ಹೇಳುತ್ತ, ಸೇರಿಸಿಕೊಂಡಿರಬಹುದು. ಹಾಗೆ ಸೇರಿಸಿದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ.

"ಏನಮ್ಮಿ ಅದು?" ಅತ್ತೆ ಕೇಳಿದರು.

"ಹಕ್ಕಿ ಅತ್ತೆ."

"ಬರೀ ಹಕ್ಕಿಯಾ?"

"ಬರೀ ಹಕ್ಕಿ."

ಅವರು ಸೆರಗಿನಲ್ಲಿ ತಂದಿದ್ದ ಎಲೆಯನ್ನು ತೆಗೆದು, ಬೇಲಿಗೆ ಇಡದೆ, ತಾವೇ ಬಾಯಿಗೆ ಹಾಕಿಕೊಂಡರು. "ಸರಿ ಬುಡು. ಕಲ್ಲು ಕೂರ್ಸ್ಲಿ" ಅಂದು ಎದ್ದರು.

ಯುಗಾದಿ ಆಯಿತು. ಕಲ್ಲುಕುಟಿಗರು ಬಂದು ಐದಾರು ದಿನ ಕೆಲಸ ಮಾಡಿದರು. ಉಳಿಯ ಶಬ್ದದಲ್ಲಿ ಬೇರೆ ಏನೂ ಕೇಳಿಸುತ್ತಿರಲಿಲ್ಲ. ಅವರು ಹೋದ ಮೇಲೆ ಬೇಲಿ ಮೌನವಾಗಿತ್ತು. ಎಲೆ ಕೊಯ್ಯುವವರು ಮೂಡಲ ಮೂಲೆಗೆ ಹೋಗತೊಡಗಿದರು. ಕಲ್ಲು ಬಿದ್ದ ಮೇಲೆ ಯಜಮಾನರು ತೆಪ್ಪಗಾದರು ಅಂದುಕೊಂಡರು. ನನ್ನ ಗಂಡ ಬಾವಿಗೆ ನೇರ ದಾರಿಯಲ್ಲಿ ಹೋಗತೊಡಗಿದರು. ಕೆಸರು ಒಣಗಿತು ಅಂದರು.

ಅತ್ತೆ ಮಾತ್ರ ಆ ಬೇಸಗೆಯಲ್ಲಿ ಇಳಿದುಹೋದರು. ಕಾಯಿಲೆ ಅಲ್ಲ. ಸಂಜೆ ಆದರೆ ಏನು ಮಾಡಬೇಕೆಂದು ತೋಚದೆ ಜಗಲಿಗೂ ಒಲೆಗೂ ಓಡಾಡುವರು. ನವರಾತ್ರಿಯ ಹೊತ್ತಿಗೆ ಒಂದು ದಿನ ಕಾಳು ಆರಿಸುತ್ತಿದ್ದಾಗ ತೋಟದಿಂದ ಚಕ್ ಎಂದಿತು. ಅವರು ತಲೆ ಎತ್ತಲಿಲ್ಲ.

"ನಿನ್ನ ಹಕ್ಕಿ ಬಂತು ನೋಡಮ್ಮಿ" ಅಂದರು. ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿದರು.

ಇನ್ನೆರಡು ವರ್ಷ ಬದುಕಿದ್ದರು. ಕೊನೆಗೆ ಹಾಸಿಗೆ ಹಿಡಿದಾಗ, ನಾನು ಅವರ ಕಾಲು ಒತ್ತುತ್ತಿದ್ದ ಒಂದು ಮಧ್ಯಾಹ್ನ, ಸೂರು ನೋಡುತ್ತ ಹೇಳಿದರು:

"ಎರಡು ಕೇಳ್ತು ಅವತ್ತು."

ನನ್ನ ಕೈ ನಿಂತಿತು.

"ನಿಂಗೂ ಕೇಳ್ತು. ನಿನ್ನ ಮುಕ ನೋಡ್ದೆ."

"ಮತ್ತೆ ಯಾಕೆ ಸುಮ್ಮನಿದ್ರಿ ಅತ್ತೆ?"

ಎದೆಯ ಮೇಲಿನ ಲಿಂಗದ ಬಟ್ಟೆಯನ್ನು ಮುಟ್ಟಿಕೊಂಡರು. "ಕೊಡಕ್ಕೆ ಮನ್ಸು ಬರ್ನಿಲ್ಲ ಕಣಮ್ಮಿ."

ಇಷ್ಟು ನಿಜ. ಇದಾದ ಮೇಲೆ ಅವರು, "ಈಗ ಹೆಂಗೂ ನಾನೇ ಹೋಗಿ ಕೊಟ್ಕತ್ತೀನಿ ಬುಡು" ಎಂದರು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅಷ್ಟು ಚಂದವಾಗಿ ಅವರು ಹೇಳಿದರೋ, ನನಗೆ ಬೇಕಾಗಿ ನಾನು ಹೇಳಿಸಿದೆನೋ. ಅವರು ಕಣ್ಣು ಮುಚ್ಚಿದ್ದು, ನಾನು ಮತ್ತೆ ಕಾಲು ಒತ್ತತೊಡಗಿದ್ದು ನೆನಪಿದೆ.

ಅವರನ್ನು ಮಾವನ ಪಕ್ಕದಲ್ಲೇ ಕೂರಿಸಿದೆವು. ಅಯ್ಯನವರು ಲಿಂಗ ಕೇಳಿದಾಗ ನಾನೇ ಅವರ ಕೊರಳಿಂದ ಬಿಚ್ಚಿ ಕೊಟ್ಟೆ. ಮಣೆಯ ಮೇಲೆ ಇಡಲಿಲ್ಲ. ಕೈಯಿಂದ ಕೈಗೆ.

ಆ ವರ್ಷ ನವರಾತ್ರಿ ಬಂತು. ನಾನು ಬೇಲಿಯ ಹೊರಗಿನ ಕಲ್ಲಿನ ಮೇಲೆ ಮೂರು ದಿನವಲ್ಲ, ತಿಂಗಳು ಪೂರ್ತಿ ಸಂಜೆಗಳಲ್ಲಿ ಕೂತೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಕಪಿಲೆಯ ಗಾಲಿ, ನೀರು, ಉಗುರು, ಅಷ್ಟೆ. ಇದನ್ನು ಈಚೆಗೆ ನನ್ನ ಗಂಡನಿಗೆ ಹೇಳಿದೆ.

"ಹಕ್ಕಿ ಎಲ್ಲಿಂದ ಬರುತ್ತೆ?" ಅಂದರು. "ಅವ್ವನ್ನ ಮಣ್ಣು ಮಾಡುವಾಗ ಆ ಬೇಲಿ ಪೂರ್ತಿ ಕಡಿಸಿದ್ದೆನಲ್ಲ."

ಬೇಲಿ ಇತ್ತು. ತಿಂಗಳೆಲ್ಲ ನಾನು ನೋಡುತ್ತ ಕೂತದ್ದು ಅದನ್ನೇ.